ಆರ್‌ವಿ ವಿದ್ಯುತ್ ವಾಟರ್ ಹೀಟರ್

ಆರ್‌ವಿ ವಿದ್ಯುತ್ ವಾಟರ್ ಹೀಟರ್ ಎಂಬುದು ಮಲಗುವ ಸ್ಥಳ, ಅಡುಗೆಮನೆ ಹಾಗೂ ಸ್ನಾನಗೃಹಗಳುಳ್ಳ ಪ್ರವಾಸಿ ವಸತಿ ವಾಹನಗಳಲ್ಲಿ ನೀರನ್ನು ಕಾಯಿಸಿ ಸಂಗ್ರಹಿಸಿಡುವ ಸಾಧನ. ಇಂತಹ ವಾಹನಗಳನ್ನು ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾಗಳಲ್ಲಿ ‘ರಿಕ್ರಿಯೇಷನಲ್ ವೆಹಿಕಲ್’, ಸಂಕ್ಷಿಪ್ತವಾಗಿ ‘ಆರ್‌ವಿ’ ಎಂದು ಕರೆಯುತ್ತಾರೆ. ಭಾರತದಲ್ಲಿ ‘ಗೀಸರ್’ ಎಂದು ರೂಢಿಯಲ್ಲಿರುವ ಸಾಧನದ ತತ್ತ್ವವೇ ಇದಕ್ಕೂ ಆಧಾರವಾಗಿದೆ. ಆದರೆ ಪ್ರಯಾಣ ಮತ್ತು ಚಳಿಗಾಲದ ಕಾರಣದಿಂದ ಇದರ ತೊಟ್ಟಿಯನ್ನು ಆಗಾಗ ಖಾಲಿ ಮಾಡಿ ಮತ್ತೆ ತುಂಬಬೇಕಾಗುತ್ತದೆ. ಆದ್ದರಿಂದ ನೀರಿಲ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿದು ತಾಪನ ಸುರುಳಿ ಸುಟ್ಟುಹೋಗುವುದು ಇದರಲ್ಲಿ ಸಾಮಾನ್ಯವಾಗಿ ಕಂಡುಬರುವ ದೋಷ.

ರಚನೆ

ಬಹುಪಾಲು ಆರ್‌ವಿ ಹೀಟರ್‌ಗಳ ತೊಟ್ಟಿಗಳು 6 ಅಥವಾ 10 ಅಮೆರಿಕನ್ ಗ್ಯಾಲನ್, ಅಂದರೆ ಸುಮಾರು 23 ಅಥವಾ 38 ಲೀಟರ್ ಸಾಮರ್ಥ್ಯದವು. ಹಲವು ಮಾದರಿಗಳು ಪ್ರೊಪೇನ್ ಅನಿಲದಿಂದಲೂ 120 ವೋಲ್ಟ್ ವಿದ್ಯುತ್ತಿನಿಂದಲೂ ಕೆಲಸ ಮಾಡಬಲ್ಲವು. ವಿದ್ಯುತ್ ಭಾಗದಲ್ಲಿ ಈ ಕೆಳಗಿನ ಅಂಗಗಳಿರುತ್ತವೆ.

ತಾಪನ ಸುರುಳಿ (ಕಾಯಿಲ್): ಲೋಹದ ಕೊಳವೆಯೊಳಗೆ ನಿಕ್ರೋಮ್ ತಂತಿಯನ್ನಿಟ್ಟು, ಸುತ್ತಲೂ ವಿದ್ಯುತ್ ನಿರೋಧಕವಾದ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ತುಂಬಿರುತ್ತಾರೆ. ಇದರ ಸಾಮರ್ಥ್ಯ ಸಾಮಾನ್ಯವಾಗಿ 1,400ರಿಂದ 1,500 ವ್ಯಾಟ್.

ಥರ್ಮೋಸ್ಟಾಟ್: ನೀರು ನಿಗದಿತ ಉಷ್ಣತೆಗೆ ಬಂದಾಗ ವಿದ್ಯುತ್ತನ್ನು ಕಡಿತಗೊಳಿಸುತ್ತದೆ.

ಅಧಿಕ ತಾಪ ತಡೆ: ಥರ್ಮೋಸ್ಟಾಟ್ ವಿಫಲವಾದಾಗ ಮಂಡಲವನ್ನು ಮುರಿಯುತ್ತದೆ. ಅನೇಕ ಮಾದರಿಗಳಲ್ಲಿ ಇದನ್ನು ಕೈಯಿಂದ ಗುಂಡಿ ಒತ್ತಿ ಪೂರ್ವಸ್ಥಿತಿಗೆ ತರಬೇಕು.

ಒತ್ತಡ-ತಾಪ ಬಿಡುಗಡೆ ಕವಾಟ: ಒತ್ತಡವು ಚದರ ಇಂಚಿಗೆ 150 ಪೌಂಡ್ ಅಥವಾ ಉಷ್ಣತೆಯು ಸುಮಾರು 99 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ತೆರೆದುಕೊಳ್ಳುತ್ತದೆ.

ಆನೋಡ್ ಸರಳು: ಒಳಮೈಗೆ ಪಿಂಗಾಣಿ ಲೇಪವುಳ್ಳ ಉಕ್ಕಿನ ತೊಟ್ಟಿಗಳಲ್ಲಿ ಇರುತ್ತದೆ. ಇದರ ಮೆಗ್ನೀಸಿಯಂ ತಾನು ಸವೆದು ಉಕ್ಕನ್ನು ತುಕ್ಕಿನಿಂದ ಕಾಪಾಡುತ್ತದೆ. ಅಲ್ಯೂಮಿನಿಯಂ ತೊಟ್ಟಿಯ ಮಾದರಿಗಳಲ್ಲಿ ಸಾಮಾನ್ಯವಾಗಿ ಇದು ಇರುವುದಿಲ್ಲ.

ಸುರುಳಿ ಸುಡುವ ಬಗೆ

ನೀರಿನಲ್ಲಿ ಮುಳುಗಿರುವ ಸುರುಳಿಯ ಶಾಖವನ್ನು ನೀರು ಸತತವಾಗಿ ಹೀರಿಕೊಳ್ಳುತ್ತದೆ. ತೊಟ್ಟಿಯಲ್ಲಿ ಗಾಳಿ ಮಾತ್ರವಿದ್ದರೆ ಶಾಖ ಹೊರಹೋಗಲಾರದೆ ಸುರುಳಿಯ ಉಷ್ಣತೆ ತೀವ್ರವಾಗಿ ಏರುತ್ತದೆ. ಅಲ್ಪಕಾಲದಲ್ಲಿಯೇ ತಂತಿ ತುಂಡಾಗುತ್ತದೆ ಅಥವಾ ಹೊರಕೊಳವೆ ಬಿರಿಯುತ್ತದೆ. ಥರ್ಮೋಸ್ಟಾಟ್ ಮತ್ತು ಅಧಿಕ ತಾಪ ತಡೆಗಳು ತೊಟ್ಟಿಯ ಗೋಡೆಯ ಉಷ್ಣತೆಯನ್ನು ಗ್ರಹಿಸುತ್ತವೆಯೇ ಹೊರತು ಸುರುಳಿಯದನ್ನಲ್ಲ. ಆದ್ದರಿಂದ ಅವು ಈ ಹಾನಿಯನ್ನು ತಡೆಯಲಾರವು.

ಈ ಅಚಾತುರ್ಯಕ್ಕೆ ಚಳಿಗಾಲದ ಸಿದ್ಧತೆಯು ಮುಖ್ಯ ಕಾರಣಗಳಲ್ಲೊಂದು. ಹಿಮ ಬೀಳುವ ಪ್ರದೇಶಗಳಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆಯದಂತೆ ಅವುಗಳಲ್ಲಿ ಘನೀಕರಣ ನಿರೋಧಕ ದ್ರವವನ್ನು ತುಂಬುತ್ತಾರೆ. ಹೀಟರಿಗೂ ಆ ದ್ರವ ವ್ಯರ್ಥವಾಗಿ ಸೇರದಿರಲೆಂದು ಅದರ ತೊಟ್ಟಿಯನ್ನು ಬರಿದು ಮಾಡಿ, ಬೈಪಾಸ್ ಕವಾಟಗಳ ಮೂಲಕ ನೀರಿನ ಹಾದಿಯಿಂದ ಬೇರ್ಪಡಿಸುತ್ತಾರೆ. ವಸಂತದಲ್ಲಿ ಈ ಕವಾಟಗಳನ್ನು ಮರಳಿ ತಿರುಗಿಸದಿದ್ದರೆ ನಲ್ಲಿಗಳಲ್ಲಿ ನೀರು ಬರುತ್ತದೆ, ಆದರೆ ತೊಟ್ಟಿ ಖಾಲಿಯಾಗಿಯೇ ಉಳಿದಿರುತ್ತದೆ.

ಸುರಕ್ಷತಾ ಕ್ರಮಗಳು

120 ವೋಲ್ಟ್ ವಿದ್ಯುತ್ ಪ್ರಾಣಾಪಾಯ ತರಬಲ್ಲದು. ಹೀಟರಿನ ಸ್ವಿಚ್ಚನ್ನು ಆರಿಸಿದರೆ ಸಾಲದು; ಸರ್ಕ್ಯೂಟ್ ಬ್ರೇಕರನ್ನು ಬಂದ್ ಮಾಡಿ, ಹೊರಗಿನ ವಿದ್ಯುತ್ ಕೇಬಲನ್ನು ಕಳಚಿ, ಜನರೇಟರ್ ಮತ್ತು ಇನ್ವರ್ಟರ್‌ಗಳನ್ನು ನಿಲ್ಲಿಸಿ, ತುದಿಗಳಲ್ಲಿ ವಿದ್ಯುತ್ ಇಲ್ಲವೆಂಬುದನ್ನು ಮೀಟರಿನಿಂದ ಖಚಿತಪಡಿಸಿಕೊಳ್ಳಬೇಕು. ಅನಿಲದ ಭಾಗವನ್ನೂ ಆರಿಸಬೇಕು. 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡುತ್ತದೆ. ಆದ್ದರಿಂದ ನೀರು ತಣ್ಣಗಾದ ಮೇಲೆ ಪಂಪು ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು ಒತ್ತಡವನ್ನು ಇಳಿಸಿದ ನಂತರವೇ ಆನೋಡ್ ಸರಳನ್ನಾಗಲಿ ಬಿರಡೆಯನ್ನಾಗಲಿ ತೆಗೆಯಬೇಕು.

ದೋಷ ಪತ್ತೆ

ಬಿಡಿಭಾಗಗಳನ್ನು ಬದಲಾಯಿಸುವ ಮೊದಲು ವಿದ್ಯುತ್ತಿನ ಹಾದಿಯನ್ನು ಮೂಲದಿಂದ ಸುರುಳಿಯವರೆಗೆ ಕ್ರಮವಾಗಿ ಪರೀಕ್ಷಿಸುವುದು ವಾಡಿಕೆ.

1. ತೊಟ್ಟಿ ಮತ್ತು ಕವಾಟಗಳು: ಬೈಪಾಸ್ ಕವಾಟಗಳು ಸರಿಯಾದ ಸ್ಥಾನದಲ್ಲಿವೆಯೇ, ತೊಟ್ಟಿಯಲ್ಲಿ ನೀರಿದೆಯೇ ಎಂದು ನೋಡಬೇಕು.

2. ಪೂರೈಕೆ: ಬ್ರೇಕರ್ ಟ್ರಿಪ್ ಆಗಿದೆಯೇ, ಸ್ವಿಚ್ಚುಗಳೆಲ್ಲ ಚಾಲನೆಯಲ್ಲಿವೆಯೇ ಎಂದು ಪರೀಕ್ಷಿಸಬೇಕು. ಕೆಲವು ಮಾದರಿಗಳಲ್ಲಿ ವಾಹನದೊಳಗೆ ಒಂದು, ಹೊರಬಾಗಿಲಿನ ಹಿಂದೆ ಇನ್ನೊಂದು ಸ್ವಿಚ್ ಇರುತ್ತದೆ. 12 ವೋಲ್ಟಿನ ರಿಲೇ ಮೂಲಕ ಸುರುಳಿಗೆ ವಿದ್ಯುತ್ ಕೊಡುವ ಮಾದರಿಗಳಲ್ಲಿ ಬ್ಯಾಟರಿ ಮತ್ತು ಫ್ಯೂಸನ್ನೂ ನೋಡಬೇಕು.

3. ಅಧಿಕ ತಾಪ ತಡೆ: ಗುಂಡಿಯನ್ನು ಒತ್ತಿದಾಗ ಹೀಟರ್ ಮತ್ತೆ ಚಾಲನೆಗೊಂಡರೂ ಅದು ಪದೇ ಪದೇ ಕಡಿತಗೊಂಡರೆ, ಥರ್ಮೋಸ್ಟಾಟ್ ದೋಷಯುಕ್ತವಾಗಿರುವ ಸಾಧ್ಯತೆ ಹೆಚ್ಚು.

4. ಸುರುಳಿ: ಎರಡೂ ತಂತಿಗಳನ್ನು ಕಳಚಿ ಮಲ್ಟಿಮೀಟರಿನಲ್ಲಿ ರೋಧವನ್ನು ಅಳೆಯಬೇಕು. 120 ವೋಲ್ಟಿನಲ್ಲಿ 1,440 ವ್ಯಾಟಿನ ಸುರುಳಿ 12 ಆಂಪಿಯರ್ ಪ್ರವಾಹವನ್ನು ಎಳೆಯುವುದರಿಂದ ಅದರ ರೋಧ ಸುಮಾರು 10 ಓಮ್ ಇರಬೇಕು. ಮೀಟರು ಅನಂತ ರೋಧವನ್ನು ತೋರಿಸಿದರೆ ತಂತಿ ತುಂಡಾಗಿದೆ. ಒಂದು ತುದಿ ಮತ್ತು ತೊಟ್ಟಿಯ ಲೋಹದ ನಡುವೆ ವಿದ್ಯುತ್ ಸಂಪರ್ಕ ಕಂಡುಬಂದರೆ ಹೊರಕೊಳವೆ ಬಿರಿದಿದೆ. ಅಂತಹ ಸುರುಳಿ ನೀರನ್ನು ಕಾಯಿಸುವಂತೆ ಕಂಡರೂ ಅಪಾಯಕಾರಿ.

5. ಥರ್ಮೋಸ್ಟಾಟ್: ತಣ್ಣಗಿರುವಾಗ ಅದರ ತುದಿಗಳ ನಡುವೆ ಸಂಪರ್ಕವಿರಬೇಕು. ಇಲ್ಲದಿದ್ದರೆ ಬದಲಾಯಿಸಬೇಕು.

ದೋಷದಂತೆ ಕಾಣುವ ಸ್ಥಿತಿಗಳು

ಹೀಟರ್ ಸರಿಯಾಗಿದ್ದೂ ನೀರು ಬೆಚ್ಚಗಷ್ಟೇ ಬಂದರೆ ತಣ್ಣೀರು ಎಲ್ಲೋ ಬೆರೆಯುತ್ತಿರಬಹುದು. ಬೈಪಾಸ್ ಕವಾಟ ಅರೆ ತೆರೆದಿರುವುದು, ಅಥವಾ ಹೊರಗಿನ ಶವರಿನ ಎರಡೂ ನಲ್ಲಿಗಳನ್ನು ತೆರೆದಿಟ್ಟು ಅದರ ತಲೆಯನ್ನು ಮಾತ್ರ ಮುಚ್ಚಿರುವುದು ಇದಕ್ಕೆ ಕಾರಣವಾಗುತ್ತದೆ.

ನೀರು ನಿಧಾನವಾಗಿ ಕಾಯುವುದೂ ಸದಾ ದೋಷವಲ್ಲ. 1,440 ವ್ಯಾಟಿನ ಸುರುಳಿಯು 23 ಲೀಟರ್ ನೀರನ್ನು 40 ಡಿಗ್ರಿಯಷ್ಟು ಕಾಯಿಸಲು, ಶಾಖ ನಷ್ಟವನ್ನು ಬಿಟ್ಟರೂ, ಸುಮಾರು 45 ನಿಮಿಷ ಬೇಕು. ಶಿಬಿರತಾಣದ ವೋಲ್ಟೇಜ್ 105ಕ್ಕೆ ಇಳಿದರೆ ಅದೇ ಸುರುಳಿಯ ಸಾಮರ್ಥ್ಯ ಸುಮಾರು 1,100 ವ್ಯಾಟಿಗೆ ಕುಗ್ಗುತ್ತದೆ. 30 ಆಂಪಿಯರ್ ಸಂಪರ್ಕದಲ್ಲಿ ಹವಾನಿಯಂತ್ರಕ, ಮೈಕ್ರೋವೇವ್ ಹಾಗೂ ಹೀಟರನ್ನು ಒಟ್ಟಿಗೆ ಬಳಸಿದರೆ ಬ್ರೇಕರ್ ಟ್ರಿಪ್ ಆಗುವುದು ಸಹಜ.

ಬಿಡುಗಡೆ ಕವಾಟ ತೊಟ್ಟಿಕ್ಕುವುದಕ್ಕೂ ಕವಾಟವೇ ಕಾರಣವಾಗಿರಬೇಕಿಲ್ಲ. ಕಾಯ್ದ ನೀರು ಹಿಗ್ಗುತ್ತದೆ; ಆ ಹೆಚ್ಚಳವನ್ನು ತೊಟ್ಟಿಯ ಮೇಲ್ಭಾಗದ ಗಾಳಿಯ ಪದರ ತಾಳಿಕೊಳ್ಳುತ್ತದೆ. ಆ ಗಾಳಿ ಕ್ರಮೇಣ ನೀರಿನೊಂದಿಗೆ ಹೊರಟುಹೋದಾಗ ಕವಾಟ ಜಿನುಗುತ್ತದೆ. ನೀರು ತಣ್ಣಗಾದ ಮೇಲೆ ಪೂರೈಕೆ ನಿಲ್ಲಿಸಿ, ಬಿಸಿನೀರಿನ ನಲ್ಲಿ ತೆರೆದು, ಕವಾಟದ ಹಿಡಿಯನ್ನು ಎತ್ತಿ ಹರಿವು ನಿಲ್ಲುವವರೆಗೆ ಕಾದರೆ ಗಾಳಿಯ ಪದರ ಮರಳಿ ಏರ್ಪಡುತ್ತದೆ. ಕವಾಟವನ್ನು ಬಿರಡೆಯಿಂದ ಮುಚ್ಚಿದರೆ ತೊಟ್ಟಿ ಸ್ಫೋಟಗೊಳ್ಳುವ ಅಪಾಯವಿದೆ.

ಸುರುಳಿಯ ಬದಲಾವಣೆ

ತೊಟ್ಟಿಯನ್ನು ಬರಿದು ಮಾಡಿ, ತಂತಿಗಳನ್ನು ಗುರುತು ಹಾಕಿ ಕಳಚಿ, ಸೂಕ್ತ ಸ್ಪ್ಯಾನರಿನಿಂದ ಹಳೆಯ ಸುರುಳಿಯನ್ನು ತಿರುಚಿ ತೆಗೆಯಲಾಗುತ್ತದೆ. ಮಾದರಿಗೆ ಅನುಗುಣವಾಗಿ ಸುರುಳಿಯು ಹೊರಬಾಗಿಲಿನ ಕಡೆ ಅಥವಾ ವಾಹನದೊಳಗೆ ತೊಟ್ಟಿಯ ಹಿಂಬದಿಯಲ್ಲಿರುತ್ತದೆ. ಹೊಸ ಸುರುಳಿಯ ವೋಲ್ಟೇಜ್, ವ್ಯಾಟ್ ಮತ್ತು ಉದ್ದ ಹಳೆಯದಕ್ಕೆ ಸರಿಹೊಂದಬೇಕು. ಹೆಚ್ಚು ವ್ಯಾಟಿನದನ್ನು ಹಾಕಿದರೆ ತಂತಿಗಳು ಕಾಯುತ್ತವೆ. ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದ ಬಳಿಕ ತೊಟ್ಟಿಯನ್ನು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ಗಾಳಿಯಿಲ್ಲದೆ ನೀರು ಏಕಪ್ರಕಾರವಾಗಿ ಬರುವವರೆಗೆ ಹರಿಸಿ, ಸೋರಿಕೆ ಇಲ್ಲವೆಂದು ನೋಡಿದ ಮೇಲಷ್ಟೇ ವಿದ್ಯುತ್ ಕೊಡಬೇಕು.

ನಿರ್ವಹಣೆ

ವರ್ಷಕ್ಕೊಮ್ಮೆ ತೊಟ್ಟಿಯನ್ನು ತೊಳೆದು ತಳದಲ್ಲಿ ಕೂತ ಗಸಿಯನ್ನು ಹೊರಹಾಕುವುದು ಹಾಗೂ ಆನೋಡ್ ಸರಳು ಬಹುಪಾಲು ಸವೆದಿದ್ದರೆ ಬದಲಾಯಿಸುವುದು ರೂಢಿ. ಅರಿಜೋನಾದಂತಹ ಗಡಸು ನೀರಿನ ಪ್ರದೇಶಗಳಲ್ಲಿ ಸುರುಳಿಯ ಮೇಲೆ ಸುಣ್ಣದ ಪೊರೆ ಕಟ್ಟಿ ಶಾಖ ನೀರಿಗೆ ಸರಾಗವಾಗಿ ಹರಿಯುವುದಿಲ್ಲ. ತಾತ್ಕಾಲಿಕ ಎಚ್ಚರಿಕೆಯಾಗಿ ಕೆಲವರು ತೊಟ್ಟಿಯನ್ನು ಬರಿದು ಮಾಡಿದಾಗ ಬ್ರೇಕರಿನ ಮೇಲೆ ‘ನೀರಿಲ್ಲ’ ಎಂಬ ಚೀಟಿ ಅಂಟಿಸುತ್ತಾರೆ.

ಭಾರತದ ಗೀಸರ್‌ಗಳೊಂದಿಗೆ ಹೋಲಿಕೆ

ಮೇಲಿನ ಪರೀಕ್ಷೆಗಳು ಭಾರತದ ಗೀಸರ್‌ಗಳಿಗೂ ಅನ್ವಯಿಸುತ್ತವೆ. ಅಂಕಿಗಳು ಮಾತ್ರ ಬೇರೆ. 230 ವೋಲ್ಟಿನಲ್ಲಿ 2,000 ವ್ಯಾಟಿನ ಸುರುಳಿಯ ರೋಧ ಸುಮಾರು 26 ಓಮ್. ಗೋಡೆಯ ಗೀಸರ್‌ನಲ್ಲಿ ಬಿಸಿನೀರು ತೊಟ್ಟಿಯ ಮೇಲ್ಭಾಗದಿಂದ ಹೊರಬರುವುದರಿಂದ, ಹಿಮ್ಮುಖ ಹರಿವು ತಡೆಯುವ ಕವಾಟ ಸರಿಯಾಗಿದ್ದರೆ, ಮಹಡಿಯ ಮೇಲಿನ ಟ್ಯಾಂಕ್ ಖಾಲಿಯಾದರೂ ಅದರಲ್ಲಿ ನೀರು ಉಳಿದಿರುತ್ತದೆ. ಆದ್ದರಿಂದ ಅಲ್ಲಿ ಒಣ ತೊಟ್ಟಿಯ ಅಪಾಯ ಕಡಿಮೆ. ಕೊಳವೆಬಾವಿಯ ಗಡಸು ನೀರನ್ನು ಬಳಸುವ ಮನೆಗಳಲ್ಲಿ ಸುಣ್ಣದ ಪೊರೆಯೇ ಸುರುಳಿಗೆ ಹೆಚ್ಚಿನ ಹಾನಿ ಮಾಡುತ್ತದೆ.