ಅಂಗಾಲಿನಿಂದ ಶುರುವಾಗುವ ಧ್ಯಾನ

ನೈಋತ್ಯ ಫ್ರಾನ್ಸ್‌ನ ಹೊಲ, ತೋಪುಗಳ ನಡುವೆ ಪ್ಲಮ್ ವಿಲೇಜ್ ಎಂಬ ಬೌದ್ಧ ವಿಹಾರವಿದೆ. ವಿಯೆಟ್ನಾಂನ ಝೆನ್ ಗುರು ಥಿಕ್ ನ್ಹಾತ್ ಹಾನ್ ಮತ್ತು ಅವರ ಸಹವರ್ತಿ ಚಾನ್ ಖೋಂಗ್ 1982ರಲ್ಲಿ ಕಟ್ಟಿದ್ದು. ಬುದ್ಧನ ಶಿಷ್ಯಗಣದ ಲೆಕ್ಕ ಹಿಡಿದು ಅಲ್ಲಿ 1,250 ಪ್ಲಮ್ ಗಿಡಗಳನ್ನು ನೆಟ್ಟರು. ಹಣ್ಣು ಮಾರಿ ಬಂದ ಹಣ ವಿಯೆಟ್ನಾಂನ ಹಸಿದ ಮಕ್ಕಳಿಗೆ ಹೋಯಿತು.

ಇಲ್ಲಿ ಧ್ಯಾನಕ್ಕೆ ಕೂರುವಷ್ಟೇ ಶ್ರದ್ಧೆಯಿಂದ ನಡೆಯುತ್ತಾರೆ. ಮಾತಿಲ್ಲ, ಅವಸರವಿಲ್ಲ. ಉಸಿರು ಒಳಗೆ ಎಳೆಯುವಾಗ ಎರಡು ಹೆಜ್ಜೆ, ಬಿಡುವಾಗ ಮೂರು. ಅವರವರ ಎದೆಗೆ ಒಗ್ಗುವಂತೆ ಎಣಿಕೆ ಬದಲಾಗಬಹುದು. ಗಮನವೆಲ್ಲ ಅಂಗಾಲಿನಲ್ಲಿ. ಹಿಮ್ಮಡಿ ಊರಿತು, ಪಾದದ ಅಂಚು ತಾಗಿತು, ಹೆಬ್ಬೆರಳು ನೆಲವನ್ನು ಒತ್ತಿ ಮೇಲೆದ್ದಿತು. ಹಾಗೆ ನಡೆದರೆ ಜಲ್ಲಿಯ ಗಡಸು, ಒದ್ದೆ ಹುಲ್ಲಿನ ಜಾರು, ಒಣಗಿದ ಎಲೆಯ ಸದ್ದು ಒಂದೊಂದೂ ಬೇರೆಯಾಗಿ ತಿಳಿಯತೊಡಗುತ್ತವೆ. ನಡುವೆ ಗಂಟೆ ಬಾರಿಸಿದರೆ, ಯಾವ ಕೆಲಸದಲ್ಲಿದ್ದರೂ ಎಲ್ಲರೂ ನಿಂತು ಉಸಿರನ್ನು ಗಮನಿಸುತ್ತಾರೆ.

ನಿಸರ್ಗದಲ್ಲಿ ಒಂದಾಗುವ ಮಾತು ಬಾಯಲ್ಲೇ ಉಳಿದುಬಿಡುವುದು ಹೆಚ್ಚು. ಅದಕ್ಕೆ ಮೈ ಬೇಕು. ಎಳೆದುಕೊಂಡ ಉಸಿರು ಎದುರಿನ ಮರ ಬಿಟ್ಟದ್ದೂ ಹೌದು ಎಂಬುದನ್ನು ಪಾಠದಲ್ಲಿ ಓದುವುದು ಬೇರೆ, ಆ ಮರದ ಕೆಳಗೆ ನಿಂತು ಎದೆ ಹಿಗ್ಗುವುದನ್ನು ಅನುಭವಿಸುವುದೇ ಬೇರೆ. ಮಣ್ಣು, ಮಳೆ, ಬಿಸಿಲು ಇಲ್ಲದೆ ಹೂವಿಲ್ಲ, ಹೂವಿನಂತೆಯೇ ಮನುಷ್ಯ ಎಂದು ಥಿಕ್ ನ್ಹಾತ್ ಹಾನ್ ಜೀವನದುದ್ದಕ್ಕೂ ಬೋಧಿಸಿದರು.

ಈ ಅಭ್ಯಾಸವನ್ನು ಬಿಡುವಿದ್ದವರ ಹವ್ಯಾಸವೆಂದು ತಳ್ಳಿಹಾಕುವುದು ತಪ್ಪು. ವಿಯೆಟ್ನಾಂ ಯುದ್ಧದ ನಡುವೆ ಹಳ್ಳಿಗಳಲ್ಲಿ ದುಡಿಯುತ್ತಿದ್ದ ಸಮಾಜಸೇವಾ ತರುಣರ ಮನಸ್ಸು ಕುಸಿಯದಿರಲೆಂದು ದೇಶಭ್ರಷ್ಟ ಗುರು ಬರೆದ ದೀರ್ಘ ಪತ್ರವೇ ಮುಂದೆ ‘ದಿ ಮಿರಾಕಲ್ ಆಫ್ ಮೈಂಡ್‌ಫುಲ್‌ನೆಸ್’ ಪುಸ್ತಕವಾಯಿತು. ಆಸ್ಪತ್ರೆಗಳಿಗೂ ಇಂಥ ಅಭ್ಯಾಸ ಬಂದಿದೆ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ದೀರ್ಘಕಾಲದ ನೋವಿನಿಂದ ಬಳಲುವವರಿಗೆ ಆರಂಭಿಸಿದ, ಈಗ ಎಂಟು ವಾರಗಳ ತರಬೇತಿಯಾಗಿರುವ ಕಾರ್ಯಕ್ರಮದಲ್ಲಿ, ಪಾದದ ಬೆರಳಿನಿಂದ ನೆತ್ತಿಯವರೆಗೆ ಮೈಯನ್ನು ಮನಸ್ಸಿನಲ್ಲೇ ಸವರುತ್ತ ಹೋಗುವ ಅಭ್ಯಾಸಕ್ಕೆ ದೊಡ್ಡ ಪಾಲಿದೆ.

2014ರಲ್ಲಿ ಪಾರ್ಶ್ವವಾಯು ಥಿಕ್ ನ್ಹಾತ್ ಹಾನ್ ಅವರ ಮಾತನ್ನು ಕಸಿದುಕೊಂಡಿತು. 2018ರಲ್ಲಿ ಅವರು ವಿಯೆಟ್ನಾಂನ ಹ್ವೆ ನಗರದ ತು ಹಿಯು ವಿಹಾರಕ್ಕೆ ಮರಳಿದರು. ಹದಿಹರೆಯದಲ್ಲಿ ದೀಕ್ಷೆಗೆ ಬಂದು ಸೇರಿದ್ದ ಜಾಗ ಅದು. 2022ರ ಜನವರಿಯಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಶಿಷ್ಯರು ಅವರನ್ನು ಗಾಲಿಕುರ್ಚಿಯಲ್ಲಿ ಅಲ್ಲಿನ ಮರಗಳ ನಡುವೆ ಕರೆದೊಯ್ಯುತ್ತಿದ್ದರು. ಕಾಲು ಸಹಕರಿಸದವರು ಕುಳಿತಲ್ಲೇ ಉಸಿರಿನಿಂದ ಆರಂಭಿಸಬಹುದು. ನಡೆಯಬಲ್ಲವರಿಗೆ ಮನೆ ಬಾಗಿಲಿನಿಂದ ಗೇಟಿನವರೆಗಿನ ದೂರವೂ ಸಾಕಾಗುತ್ತದೆ, ಫೋನನ್ನು ಒಳಗೇ ಬಿಟ್ಟು ಹೊರಟರೆ.