ಲಿನಕ್ಸ್ ಯಂತ್ರದಲ್ಲಿ ವಿಂಡೋಸ್ ಆಟಗಳು

ಶಹಾಪುರದ ಕಡೆಯ ಹಳ್ಳಿಯೊಂದರಿಂದ ಯಾದಗಿರಿಯ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಈಚೆಗೆ ನನ್ನ ಮುಂದೆ ಒಂದು ಪ್ರಶ್ನೆಯನ್ನಿಟ್ಟನು. ಅವನ ಮನೆಯಲ್ಲಿ ಅಣ್ಣನು ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್ ಒಂದುಂಟು. ಅದರಲ್ಲಿದ್ದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಕೊನೆಗೊಂಡಿತು. ವಿಂಡೋಸ್ ೧೧ ಕೇಳುವ ಭದ್ರತಾ ವ್ಯವಸ್ಥೆಯು ಆ ಯಂತ್ರದಲ್ಲಿಲ್ಲ. ಆದುದರಿಂದ ಅವನು ಬೆಲೆಯಿಲ್ಲದೆ ದೊರೆಯುವ ಲಿನಕ್ಸನ್ನು ಅದರಲ್ಲಿ ಸ್ಥಾಪಿಸಿಕೊಂಡನು. ಓದು, ಬರಹ, ಲೆಕ್ಕ ಎಲ್ಲವೂ ಸುಗಮವಾಗಿ ಸಾಗಿದವು. ತಮ್ಮನೊಡನೆ ಆಡುತ್ತಿದ್ದ ಮೋಟಾರು ಪಂದ್ಯದ ಆಟವೊಂದು ಮಾತ್ರ ತೆರೆಯಲೊಲ್ಲದು. “ಇದಕ್ಕಾಗಿ ಸಾಲ ಮಾಡಿ ಹೊಸ ಯಂತ್ರವನ್ನು ಕೊಳ್ಳಬೇಕೆ?” ಎಂಬುದು ಅವನ ಪ್ರಶ್ನೆ. ಹತ್ತಿ, ತೊಗರಿಗಳ ಬೆಲೆಯನ್ನು ನಂಬಿ ನಡೆಯುವ ಮನೆಗಳಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಉತ್ತರ ಹೇಳುವ ಮುನ್ನ ಆಟವು ಏಕೆ ತೆರೆಯಲಿಲ್ಲವೆಂಬುದನ್ನು ವಿಚಾರಿಸೋಣ. ಕಂಪ್ಯೂಟರಿನ ಮಿದುಳೆನಿಸಿದ ಪ್ರೊಸೆಸರಿಗೆ ವಿಂಡೋಸ್, ಲಿನಕ್ಸ್ ಎಂಬ ಭೇದವಿಲ್ಲ. ಕೂಡು, ಕಳೆ, ಹೋಲಿಸು ಎಂಬ ಆಜ್ಞೆಗಳು ಎರಡರಲ್ಲಿಯೂ ಒಂದೇ. ಆದರೆ ಯಾವ ಆಟವೂ ತಾನಾಗಿ ಕಡತವನ್ನು ತೆರೆಯಲಾರದು, ಧ್ವನಿಯನ್ನು ಹೊರಡಿಸಲಾರದು, ಪರದೆಯ ಮೇಲೆ ಚಿತ್ರವನ್ನು ಮೂಡಿಸಲಾರದು. ಅವಕ್ಕೆಲ್ಲ ಅದು ಕಾರ್ಯಾಚರಣ ವ್ಯವಸ್ಥೆಯನ್ನು ಬೇಡಿಕೊಳ್ಳಬೇಕು. ವಿಂಡೋಸಿಗಾಗಿ ರಚಿತವಾದ ಆಟವು ವಿಂಡೋಸಿನ ಕ್ರಮದಲ್ಲಿಯೇ ಬೇಡುತ್ತದೆ. ಲಿನಕ್ಸಿಗೆ ಆ ಬೇಡಿಕೆಯು ಅರ್ಥವಾಗದು.

ನಮ್ಮ ಸೀಮೆಯವರಿಗೆ ಇದು ಹೊಸ ಸಂಗತಿಯಲ್ಲ. ೧೯೪೮ರ ಪೂರ್ವದಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದಿನ ನಿಜಾಮನ ಆಳ್ವಿಕೆಯಲ್ಲಿದ್ದಾಗ ಜನರ ನುಡಿ ಕನ್ನಡ, ಕಚೇರಿಯ ನುಡಿ ಉರ್ದು. ಉರ್ದು ತಿಳಿಯದ ರೈತನು ತನ್ನ ಹೊಲವನ್ನು ಉಳಲು ಭಾಷಾಂತರ ಬೇಕಿರಲಿಲ್ಲ. ಕಚೇರಿಗೆ ಅರ್ಜಿ ಕೊಡುವಾಗ ಮಾತ್ರ ಎರಡು ನುಡಿಗಳನ್ನೂ ಬಲ್ಲವನ ನೆರವು ಬೇಕಾಗುತ್ತಿದ್ದಿತು. ಆಟದ ಸ್ಥಿತಿಯೂ ಹೀಗೆಯೇ. ಅದರ ದುಡಿಮೆಗೆ ಭಾಷಾಂತರ ಬೇಡ, ಅರ್ಜಿಗೆ ಮಾತ್ರ ಬೇಕು. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಆಯ್ಕೆಯು ಸುಲಭವಾಗುತ್ತದೆ.

೧೯೯೩ರಲ್ಲಿ ಆರಂಭವಾದ ‘ವೈನ್’ ಎಂಬ ತಂತ್ರಾಂಶವೇ ಈ ಅರ್ಜಿ ಬರಹಗಾರ. ಆಟವು ವಿಂಡೋಸಿನ ರೀತಿಯಲ್ಲಿ ಕೇಳಿದುದನ್ನು ಅದು ಲಿನಕ್ಸಿನ ರೀತಿಗೆ ತಿರುಗಿಸಿ, ಬಂದ ಉತ್ತರವನ್ನು ಮತ್ತೆ ವಿಂಡೋಸಿನ ರೀತಿಯಲ್ಲಿ ಆಟಕ್ಕೆ ಒಪ್ಪಿಸುತ್ತದೆ. ಅನೇಕರು ಕೂಡಿ ದುಡಿದರೂ ಅದರ ೧.೦ ಆವೃತ್ತಿಯು ಹೊರಬಂದದ್ದು ೨೦೦೮ರಲ್ಲಿ. ೨೦೧೮ರಲ್ಲಿ ವಾಲ್ವ್ ಎಂಬ ಸಂಸ್ಥೆಯು ವೈನನ್ನೇ ಆಧಾರವಾಗಿಟ್ಟುಕೊಂಡು ‘ಪ್ರೋಟಾನ್’ ಎಂಬುದನ್ನು ತನ್ನ ಸ್ಟೀಮ್ ಆಟದ ಮಳಿಗೆಯೊಡನೆ ಸೇರಿಸಿತು. ಭೌತವಿಜ್ಞಾನದ ಪ್ರೋಟಾನಿಗೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ! ೨೦೨೨ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರವು ಲಿನಕ್ಸಿನಿಂದ ನಡೆಯುವಂತಹುದು. ಅದರಲ್ಲಿ ವಿಂಡೋಸ್ ಆಟಗಳನ್ನು ಆಡಿಸುವುದು ಪ್ರೋಟಾನೇ.

ಭಾಷಾಂತರದಿಂದ ಆಟವು ಕುಂಟುವುದಿಲ್ಲವೆ? ಸೆಕೆಂಡಿಗೆ ೬೦ ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು ೧೬.೭ ಮಿಲಿಸೆಕೆಂಡು. ಆಟದ ಗಣಿತವೆಲ್ಲ ನೇರವಾಗಿ ಪ್ರೊಸೆಸರಿನಲ್ಲಿಯೇ ನಡೆಯುವುದರಿಂದ ಇದರಲ್ಲಿ ಭಾಷಾಂತರದ ಪಾಲು ಸಾಮಾನ್ಯವಾಗಿ ಅಲ್ಪ. ಹೆಚ್ಚಿನ ಹೊರೆಯು ಚಿತ್ರಕ್ಕೆ ಸಂಬಂಧಿಸಿದುದು. ವಿಂಡೋಸ್ ಆಟಗಳು ಬಹುಮಟ್ಟಿಗೆ ಡೈರೆಕ್ಟ್‌ತ್ರೀಡಿ ಎಂಬ ಚಿತ್ರಭಾಷೆಯನ್ನಾಡುತ್ತವೆ. ಅದನ್ನು ‘ಡಿಎಕ್ಸ್‌ವಿಕೆ’ ಎಂಬ ತಂತ್ರಾಂಶವು ವಲ್ಕನ್ ಎಂಬ ಬೇರೊಂದು ಚಿತ್ರಭಾಷೆಗೆ ತಿರುಗಿಸುತ್ತದೆ. ಯಂತ್ರದ ಚಿತ್ರೋಪಕರಣವು ಹಳೆಯದಾಗಿ ವಲ್ಕನನ್ನು ಅರಿಯದಿದ್ದರೆ, ವೈನ್ ತಾನೇ ಓಪನ್‌ಜಿಎಲ್ ಎಂಬ ಹಿಂದಿನ ಭಾಷೆಗೆ ತಿರುಗಿಸಬಲ್ಲುದು. ವೇಗವು ಸಾಮಾನ್ಯವಾಗಿ ತಗ್ಗುತ್ತದೆ.

ಎರಡನೆಯ ಮಾರ್ಗ ವರ್ಚುಯಲ್ ಮೆಷಿನ್, ಎಂದರೆ ಕಲ್ಪಿತ ಯಂತ್ರ. ಇದು ಮನೆಯೊಳಗೆ ಇನ್ನೊಂದು ಕಚೇರಿಯನ್ನೇ ಕಟ್ಟಿದಂತೆ: ಲಿನಕ್ಸಿನ ಒಳಗೆ ಇಡಿಯ ವಿಂಡೋಸ್ ನಡೆಯುತ್ತದೆ. ವಿಂಡೋಸಿನ ಪರವಾನಗಿ ಬೇಕು. ೮ ಗಿಗಾಬೈಟ್ ಸ್ಮೃತಿಯಿರುವ ಯಂತ್ರದಲ್ಲಿ ಒಳಗಿನ ವಿಂಡೋಸಿಗೆ ೪ ಕೊಟ್ಟರೆ ಹೊರಗಿನ ಲಿನಕ್ಸಿಗೆ ಉಳಿಯುವುದು ೪ ಮಾತ್ರ. ವಿಶೇಷ ಏರ್ಪಾಡಿಲ್ಲದೆ ಚಿತ್ರೋಪಕರಣದ ಪೂರ್ಣ ಶಕ್ತಿಯೂ ಒಳಗಿನ ವಿಂಡೋಸಿಗೆ ದೊರೆಯದು. ಚದುರಂಗ, ಇಸ್ಪೀಟುಗಳಂತಹ ಆಟಗಳಿಗೆ ಇದು ಸಾಕು. ಮೋಟಾರು ಪಂದ್ಯಕ್ಕೆ ಸಾಲದು.

ಮೂರನೆಯ ಮಾರ್ಗ, ಡಿಸ್ಕನ್ನು ಎರಡು ಪಾಲು ಮಾಡಿ ಒಂದರಲ್ಲಿ ಲಿನಕ್ಸನ್ನೂ ಇನ್ನೊಂದರಲ್ಲಿ ವಿಂಡೋಸನ್ನೂ ಇಟ್ಟು, ಯಂತ್ರವನ್ನು ಚಾಲೂ ಮಾಡುವಾಗ ಬೇಕಾದುದನ್ನು ಆರಿಸಿಕೊಳ್ಳುವುದು. ಕೆಲವು ಆಟಗಳಿಗೆ ಇದಲ್ಲದೆ ಗತಿಯಿಲ್ಲ. ಅಂತರ್ಜಾಲದಲ್ಲಿ ಹಲವರು ಸ್ಪರ್ಧಿಸುವ ವ್ಯಾಲೊರಂಟ್‌ನಂತಹ ಆಟಗಳು, ಮೋಸವನ್ನು ತಡೆಯಲೆಂದು ವಿಂಡೋಸಿನ ಗರ್ಭಭಾಗವಾದ ಕರ್ನಲ್ಲಿನೊಳಗೇ ಕಾವಲುಗಾರನನ್ನು ಕೂರಿಸುತ್ತವೆ. ಅರ್ಜಿಯನ್ನು ಬರೆದುಕೊಡುವವನು ಕಚೇರಿಯ ಅಧಿಕಾರಿಯೇ ಆಗಲಾರನಷ್ಟೆ! ವೈನಿನಲ್ಲಿ ಆ ಕರ್ನಲ್ ಇಲ್ಲವಾಗಿ ಕಾವಲುಗಾರನು ಆಟವನ್ನು ಬಿಡುವುದಿಲ್ಲ. ಆದರೆ ಬೆಂಬಲ ಮುಗಿದ ವಿಂಡೋಸನ್ನು ಅಂತರ್ಜಾಲಕ್ಕೆ ಜೋಡಿಸುವುದು ಕ್ಷೇಮವಲ್ಲವಾದುದರಿಂದ, ಹಳೆಯ ಯಂತ್ರವುಳ್ಳವರು ಇಂತಹ ಆಟಗಳ ಆಸೆಯನ್ನು ಬಿಡುವುದೇ ಮೇಲು. ಡಿಸ್ಕನ್ನು ಪಾಲು ಮಾಡುವವರು ಮೊದಲು ತಮ್ಮ ಟಿಪ್ಪಣಿ, ಚಿತ್ರಗಳ ಪ್ರತಿಯನ್ನು ಬೇರೆಡೆ ತೆಗೆದಿಡತಕ್ಕದ್ದು.

ಹಾಗಾದರೆ ಆಯ್ಕೆಯ ಕ್ರಮವೇನು? ಆಟಕ್ಕೆ ಲಿನಕ್ಸ್ ಆವೃತ್ತಿಯೇ ಇದೆಯೆ ಎಂದು ಮೊದಲು ನೋಡಬೇಕು. ಇಲ್ಲವಾದರೆ, ಸ್ಟೀಮಿನಲ್ಲಿ ಕೊಂಡ ಆಟಕ್ಕೆ ಪ್ರೋಟಾನ್, ಬೇರೆಡೆಯದಕ್ಕೆ ವೈನ್. ಅದೂ ಸಾಗದಿದ್ದರೆ, ಹಗುರವಾದ ಆಟಕ್ಕೆ ಕಲ್ಪಿತ ಯಂತ್ರ. ಭಾರವಾದುದಕ್ಕೆ, ಯಂತ್ರವು ತಕ್ಕದ್ದಾಗಿದ್ದರೆ ಮಾತ್ರ, ಎರಡು ಪಾಲಿನ ಡಿಸ್ಕು.

ಒಂದು ಎಚ್ಚರಿಕೆ ಉಂಟು. ವೈನ್ ಭಾಷಾಂತರಕಾರನೇ ಹೊರತು ಕಾವಲುಗಾರನಲ್ಲ. ಪೆನ್‌ಡ್ರೈವಿನಲ್ಲಿ ಕೈಯಿಂದ ಕೈಗೆ ಬಂದ ಕದ್ದ ಆಟದಲ್ಲಿ ವೈರಸ್ ಅಡಗಿದ್ದರೆ ವೈನ್ ಅದರ ಅರ್ಜಿಯನ್ನೂ ಅಷ್ಟೇ ನಿಷ್ಠೆಯಿಂದ ಒಪ್ಪಿಸೀತು. ನಿಮ್ಮ ಕಡತಗಳು ಅದಕ್ಕೆ ತುತ್ತಾದಾವು.

ಆ ವಿದ್ಯಾರ್ಥಿಯೂ ನಾನೂ ಒಂದು ಸಂಜೆ ಕುಳಿತು ಪರೀಕ್ಷಿಸಿದೆವು. ಯಂತ್ರಕ್ಕೆ ವಲ್ಕನ್ ತಿಳಿಯದು. ಓಪನ್‌ಜಿಎಲ್ ದಾರಿಯನ್ನು ಹಿಡಿದು, ಚಿತ್ರದ ಗಾತ್ರವನ್ನು ಕುಗ್ಗಿಸಿದಾಗ ಮೋಟಾರುಗಳು ಓಡಿದವು. ಅವನು ಬಯಸಿದ್ದ ಇನ್ನೊಂದು ಸ್ಪರ್ಧೆಯ ಆಟವು ಮಾತ್ರ ಕಾವಲುಗಾರನ ದೆಸೆಯಿಂದ ತೆರೆಯಲಿಲ್ಲ; ಅದನ್ನು ಅವನು ಕೈಬಿಟ್ಟನು. ಸಾಲದ ಮಾತು ಅಲ್ಲಿಗೇ ನಿಂತಿತು. ಯಂತ್ರವನ್ನು ಬದಲಿಸುವ ಮುನ್ನ, ಅದಕ್ಕೆ ನಿಜವಾಗಿ ಅರ್ಥವಾಗದಿರುವುದು ಯಾವುದೆಂದು ಕೇಳಿ ನೋಡುವುದು ಒಳ್ಳೆಯದು.