ಮನೆಗೆಲಸಕ್ಕೂ ಮರಸಾಮಾನಿಗೂ ತಕ್ಕ ಮರಗಳು

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ರೈತರು ಮನೆ ಕಟ್ಟಿಸುವಾಗಲೂ, ಮಕ್ಕಳ ಮದುವೆಯ ಕಾಲದಲ್ಲಿ ಮಂಚ, ಕಪಾಟು, ಪೆಟ್ಟಿಗೆ ಮೊದಲಾದವನ್ನು ಮಾಡಿಸುವಾಗಲೂ ಮರಕ್ಕಾಗಿ ಬಹಳ ಹಣವನ್ನು ವೆಚ್ಚ ಮಾಡುವರು. ಆದರೆ ಮರದ ಹೆಸರನ್ನು ಕೇಳುವವರು ಹೆಚ್ಚು. ಅದರ ಗುಣವನ್ನು ವಿಚಾರಿಸುವವರು ಕಡಿಮೆ. ಸಾಗವಾನಿ ಎಂಬ ಹೆಸರನ್ನು ನಂಬಿ ಎಳೆಯದಾದ ಹಸಿ ಮರಕ್ಕೆ ಹೆಚ್ಚಿನ ಬೆಲೆ ಕೊಡುವುದೂ, ಅದು ಎರಡು ಮೂರು ವರ್ಷಗಳಲ್ಲಿಯೇ ಬಿರಿದು ನುಸಿ ಹಿಡಿಯುವುದೂ, ತಮ್ಮ ಬದುವಿನಲ್ಲಿ ನಿಂತಿದ್ದ ಬಲಿತ ಬೇವನ್ನೋ ಹಲಸನ್ನೋ ಸೌದೆಯ ಬೆಲೆಗೆ ಮಾರಿಬಿಡುವುದೂ ಹಳ್ಳಿಗಳಲ್ಲಿ ಕಾಣದ ಸಂಗತಿಯಲ್ಲ. ಈ ಎರಡು ಬಗೆಯ ನಷ್ಟವನ್ನೂ ತಪ್ಪಿಸಿಕೊಳ್ಳಬೇಕಾದರೆ ಯಾವ ಮರವು ಯಾವ ಕೆಲಸಕ್ಕೆ ತಕ್ಕದ್ದೆಂಬುದನ್ನು ತಿಳಿದಿರುವುದು ಅವಶ್ಯಕವು.

ಈ ಸೀಮೆಯ ಮರಗಳು

ಹಾನಗಲ್ಲು ಮತ್ತು ಶಿಗ್ಗಾಂವಿ ತಾಲ್ಲೂಕುಗಳ ಪಶ್ಚಿಮ ಭಾಗವು ಮಲೆನಾಡಿನ ಸೆರಗಿಗೆ ಹೊಂದಿಕೊಂಡಿರುವುದರಿಂದ ಆ ಕಡೆ ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆಗಳು ಬೆಳೆಯುವುವು. ಹಾನಗಲ್ಲಿನ ಮಾವಿನ ತೋಪುಗಳು ಪ್ರಸಿದ್ಧವಾದವು. ಸವಣೂರಿನ ಎರೆಭೂಮಿಯಲ್ಲಿ ಜಾಲಿ, ಬೇವು, ಹುಣಸೆಗಳು ಹೆಚ್ಚು. ಹಿರೇಕೆರೂರಿನಲ್ಲಿ ಎರಡು ಬಗೆಯ ಭೂಮಿಯೂ ಇರುವುದರಿಂದ ಮರಗಳೂ ಮಿಶ್ರವಾಗಿರುವುವು.

ಮರದ ದಪ್ಪವನ್ನು ನೋಡಿ ಗುಣವನ್ನು ನಿರ್ಣಯಿಸಬಾರದು. ಸವಣೂರಿನ ಮಠದ ಆವರಣದಲ್ಲಿ ಆಫ್ರಿಕ ಖಂಡದ ಜಾತಿಗೆ ಸೇರಿದ ದೊಡ್ಡಹುಣಸೆಯ ಮರಗಳ ಬೊಡ್ಡೆಯನ್ನು ಅನೇಕರು ಕೈಹಿಡಿದು ನಿಂತರೂ ಬಳಸುವುದು ಕಷ್ಟ. ಆದರೂ ಅದರ ಮರವು ಮೆತ್ತಗೆ, ನೀರು ತುಂಬಿದ ಬೆಂಡಿನಂತಿರುವುದರಿಂದ ಬಡಿಗೇರರ ಕೆಲಸಕ್ಕೆ ಬರುವುದಿಲ್ಲ. ತೂಕವೊಂದನ್ನೇ ನಂಬುವುದೂ ಸರಿಯಲ್ಲ. ಒಣಗಿದ ತೇಗವೂ ಮಾವೂ ಒಂದು ಘನ ಅಡಿಗೆ ಸುಮಾರು 18ರಿಂದ 19 ಕಿಲೋಗ್ರಾಂ ತೂಗುವುವು. ಹೀಗಿದ್ದರೂ ಒಂದು ತಲೆಮಾರುಗಳವರೆಗೆ ಬಾಳುವುದು, ಇನ್ನೊಂದು ನೆಲದ ತೇವ ತಗುಲಿದೊಡನೆ ಕೆಡುವುದು.

ಪರೀಕ್ಷೆಯ ಆಧಾರ

1906ರಲ್ಲಿ ಡೆಹರಾಡೂನಿನಲ್ಲಿ ಸ್ಥಾಪಿತವಾದ ಅರಣ್ಯ ಸಂಶೋಧನಾ ಸಂಸ್ಥೆಯು ತೇಗಕ್ಕೆ 100 ಅಂಕಗಳನ್ನಿಟ್ಟು, ಇತರ ಮರಗಳ ಬಲ, ಗಡಸು, ತೂಕ ಮೊದಲಾದ ಗುಣಗಳನ್ನು ಅದರೊಡನೆ ಹೋಲಿಸುವ ಪದ್ಧತಿಯನ್ನು ನಡೆಸಿತು. ಮರದ ತುಂಡುಗಳನ್ನು ಅರ್ಧ ಹೂಳಿ, ಗೆದ್ದಲು ಮತ್ತು ಬೂಷ್ಟುಗಳಿಗೆ ಅವು ಎಷ್ಟು ಕಾಲ ತಡೆಯುವುವೆಂಬುದನ್ನೂ ನೋಡುವರು. 120 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಬಾಳುವುದು ಮೊದಲನೆಯ ವರ್ಗ. 60 ತಿಂಗಳೊಳಗೆ ಕೆಡುವುದು ಕಡೆಯ ವರ್ಗ. ತೇಗ, ಬೀಟೆ, ಹೊನ್ನೆಗಳು ಮೊದಲನೆಯದಕ್ಕೂ, ಮಾವು ಕಡೆಯದಕ್ಕೂ ಸೇರಿದವು.

ಆದರೆ ಈ ಬಾಳಿಕೆಯು ಮರದ ಒಳಗಿನ ಬಣ್ಣದ ಭಾಗವಾದ ಚೇಗಿಗೆ ಮಾತ್ರ ಸಲ್ಲುವುದೆಂಬುದನ್ನು ಮರೆಯಬಾರದು. ಹೊರಗಿನ ಬಿಳಿಯ ಭಾಗದಲ್ಲಿ ಪಿಷ್ಟವಿರುವುದರಿಂದ ಅದನ್ನು ಹುಳುಗಳು ತಿನ್ನುವುವು. ತೇಗದ ಬಿಳಿಯ ಭಾಗಕ್ಕೂ ಇದೇ ಗತಿ. ಎಳೆಯ ತೇಗದಲ್ಲಿ ಚೇಗು ಸ್ವಲ್ಪವೇ ಇರುವುದು. ಆದುದರಿಂದ ಎಳೆಯ ತೇಗದ ಬಿಳಿ ಹಲಗೆಗಿಂತ ಬಲಿತ ಬೇವಿನ ಚೇಗಿನ ಹಲಗೆಯೇ ಮೇಲು.

ಒಂದೊಂದು ಮರದ ಗುಣದೋಷಗಳು

1. ತೇಗ: ಇದರಲ್ಲಿ ಸಹಜವಾದ ಎಣ್ಣೆಯಿರುವುದು. ಒಣಗಿದ ಮೇಲೆ ಕುಗ್ಗುವುದೂ ಸೊಟ್ಟಾಗುವುದೂ ಬಹಳ ಕಡಿಮೆ. ಉಳಿಗೂ ಗರಗಸಕ್ಕೂ ಸುಲಭವಾಗಿ ಒಗ್ಗುವುದು. ಬಾಗಿಲು, ಕಿಟಕಿ, ಕಪಾಟುಗಳಿಗೆ ಶ್ರೇಷ್ಠ.

2. ಬೀಟೆ: ಘನ ಅಡಿಗೆ ಸುಮಾರು 24 ಕಿಲೋಗ್ರಾಂ. ಕಪ್ಪು ನೇರಿಳೆಯ ಬಣ್ಣವೂ ಒಳ್ಳೆಯ ಹೊಳಪೂ ಉಳ್ಳದ್ದು. ಕೆತ್ತನೆಗೂ ಬೆಲೆಬಾಳುವ ಮಂಚ ಕುರ್ಚಿಗಳಿಗೂ ತಕ್ಕದ್ದು. ಗಡಸಾದುದರಿಂದ ಕೂಲಿ ಹೆಚ್ಚು ಬೀಳುವುದು.

3. ಹೊನ್ನೆ: ಬಲದಲ್ಲಿಯೂ ಬಾಳಿಕೆಯಲ್ಲಿಯೂ ತೇಗಕ್ಕೆ ಸಮೀಪವಾದದ್ದು. ಬಾಗಿಲ ಚೌಕಟ್ಟು, ತೊಲೆ, ಕಂಬಗಳಿಗೆ ಉತ್ತಮ. ತೇವ ತಗುಲಿದರೆ ಹಳದಿ ಕಲೆ ಬಿಡುವುದರಿಂದ, ಚೆನ್ನಾಗಿ ಒಣಗಿಸದೆ ಸುಣ್ಣದ ಗೋಡೆಗೆ ತಾಗುವಂತೆ ಇಡಬಾರದು.

4. ಮತ್ತಿ: ಭಾರವಾದ, ಬಲವಾದ ಮರ. ತೊಲೆಗೂ ಕಂಬಕ್ಕೂ ಯೋಗ್ಯ. ಬಿಸಿಲಿನಲ್ಲಿ ಬೇಗ ಒಣಗಿಸಿದರೆ ಬಿರಿಯುವುದು; ಆದಕಾರಣ ತೆಳುವಾದ ಹಲಗೆಯ ಕೆಲಸಕ್ಕೆ ಅಷ್ಟು ಒಳ್ಳೆಯದಲ್ಲ.

5. ಹಲಸು: ಘನ ಅಡಿಗೆ ಸುಮಾರು 17 ಕಿಲೋಗ್ರಾಂ. ಹಳದಿಯಾಗಿದ್ದು ಕಾಲಕ್ರಮದಲ್ಲಿ ಕಂದು ಬಣ್ಣಕ್ಕೆ ತಿರುಗುವುದು. ಕೆಲಸಕ್ಕೆ ಸುಲಭ. ಮಂಚ, ಮಣೆ, ಪೆಟ್ಟಿಗೆ, ವೀಣೆ ತಂಬೂರಿಗಳಿಗೂ ಬರುವುದು. ತೇಗ ದೊರೆಯದವರು ಮೊದಲು ಇದನ್ನು ನೆನೆಯಬೇಕು.

6. ಬೇವು: ಎಳೆಯು ಹೆಣೆದುಕೊಂಡಿರುವುದರಿಂದ ನಯ ಮಾಡುವುದು ಸ್ವಲ್ಪ ಕಷ್ಟ. ಆದರೆ ಕಹಿಯ ಕಾರಣ ಚೇಗಿಗೆ ಹುಳುವಿನ ಬಾಧೆ ಕಡಿಮೆ. ಬಟ್ಟೆಬರೆ ಇಡುವ ಪೆಟ್ಟಿಗೆ ಕಪಾಟುಗಳಿಗೆ ಹಿತವಾದದ್ದು.

7. ಜಾಲಿ: ಗಡಸು, ಪೆಟ್ಟನ್ನು ತಾಳುವ ಗುಣ ವಿಶೇಷ. ಕುಂಟೆ, ಕೂರಿಗೆ, ನೊಗ, ಚಕ್ಕಡಿಯ ಗಾಲಿಗಳಿಗೆ ಇದಕ್ಕೆ ಸಾಟಿ ಕಡಿಮೆ. ದಿಮ್ಮಿಯನ್ನು ಕೆಲವು ತಿಂಗಳು ನೀರಿನಲ್ಲಿ ಮುಳುಗಿಸಿಟ್ಟು ಬಳಸುವ ವಾಡಿಕೆ ಒಳ್ಳೆಯದು. ಹುಳುವಿಗೆ ಬೇಕಾದ ಪಿಷ್ಟವು ಇದರಿಂದ ಕಡಿಮೆಯಾಗುವುದು. ನಯವಾದ ಮನೆಸಾಮಾನಿಗೆ ಇದು ಸಲ್ಲದು.

8. ಮಾವು: ಅಗ್ಗವಾಗಿ ದೊರೆಯುವುದು, ಕೊಯ್ಯಲು ಸುಲಭ. ಬಾಗಿಲ ಚೌಕಟ್ಟಿಗೆ ಎಂದಿಗೂ ಹಾಕಬಾರದು. ಕಡಿದ ಕೂಡಲೆ ಹಲಗೆ ಕೊಯ್ಸಿ, ಹಸಿಯಿರುವಾಗಲೇ ಬೊರಾಕ್ಸು ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿ ಒಣಗಿಸಿದರೆ, ಮನೆಯೊಳಗಿನ ಸಾಮಾನಿಗೂ ಕಪಾಟಿನ ಹಿಂಬದಿಯ ಹಲಗೆಗೂ ಸಾಕಷ್ಟು ಬಾಳುವುದು.

ಹೀಗೆ ನೋಡಿದರೆ ಒಂದೇ ಮರವನ್ನು ಎಲ್ಲ ಕೆಲಸಕ್ಕೂ ಹಾಕಬೇಕಾದ ಕಾರಣವಿಲ್ಲ. ಮಳೆಗೂ ನೆಲಕ್ಕೂ ತಾಗುವ ಚೌಕಟ್ಟಿಗೆ ತೇಗ ಅಥವಾ ಹೊನ್ನೆ. ಭಾರ ಹೊರುವ ತೊಲೆಗೆ ಮತ್ತಿ. ಒಳಗಿನ ಮಂಚ ಕಪಾಟುಗಳಿಗೆ ಹಲಸು ಅಥವಾ ಬೇವು. ಪೆಟ್ಟು ತಿನ್ನುವ ಉಪಕರಣಕ್ಕೆ ಜಾಲಿ. ಈ ಕ್ರಮವನ್ನು ಅನುಸರಿಸಿದರೆ ವೆಚ್ಚ ತಗ್ಗುವುದು, ಬಾಳಿಕೆ ತಗ್ಗದು.

ಒಣಗಿಸಿ ಹದ ಮಾಡುವ ಕ್ರಮ

ಹಸಿ ಮರವು ಒಣಗುವಾಗ ಉದ್ದದಲ್ಲಿ ಕುಗ್ಗುವುದಿಲ್ಲವೆಂದೇ ಹೇಳಬಹುದು, ಅಗಲದಲ್ಲಿ ಕುಗ್ಗುವುದು. ಸುತ್ತುಬಳೆಗಳ ದಿಕ್ಕಿನಲ್ಲಿ ಕುಗ್ಗುವಿಕೆಯು ತಿರುಳಿನ ದಿಕ್ಕಿಗಿಂತ ಸುಮಾರು ಎರಡರಷ್ಟು. ಹಸಿ ಹಲಗೆಯ ಬಾಗಿಲು ಸೊಟ್ಟಾಗುವುದಕ್ಕೂ, ಮಂಚದ ಜೋಡಣೆ ಸಡಿಲವಾಗುವುದಕ್ಕೂ ಇದೇ ಕಾರಣ. ಅದನ್ನು ಬಡಿಗೇರನ ತಪ್ಪೆಂದು ಹೇಳುವುದು ನ್ಯಾಯವಲ್ಲ.

ಹಲಗೆಗಳನ್ನು ನೆಲದಿಂದ ಒಂದು ಅಡಿ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ ಒಟ್ಟಬೇಕು. ಒಂದೊಂದು ಸಾಲಿನ ನಡುವೆ ಒಂದು ಅಂಗುಲ ದಪ್ಪದ ಪಟ್ಟಿಗಳನ್ನು ಎರಡು ಅಡಿಗೊಂದರಂತೆ, ಮೇಲಿನದು ಕೆಳಗಿನದರ ನೇರಕ್ಕೆ ಬರುವಂತೆ ಇಡಬೇಕು. ಬಿರಿಯದಂತೆ ಹಲಗೆಯ ತುದಿಗಳಿಗೆ ಡಾಂಬರು ಬಳಿಯುವುದು ಯುಕ್ತವು. ಒಣಗಿತೋ ಇಲ್ಲವೋ ಎಂದು ತಿಳಿಯಲು ಒಂದು ಹಲಗೆಯನ್ನು ಗುರುತು ಮಾಡಿ ವಾರಕ್ಕೊಮ್ಮೆ ತೂಗಬೇಕು. ಒಣ ಹವೆಯಲ್ಲಿ ಕೆಲವು ವಾರಗಳವರೆಗೆ ತೂಕ ಇಳಿಯದಿದ್ದರೆ ಮರವು ಹದಕ್ಕೆ ಬಂದಿತೆಂದು ತಿಳಿಯಬೇಕು. ಮದುವೆಗೆ ಒಂದು ತಿಂಗಳಿರುವಾಗ ಮರ ಕಡಿಸುವವರು ಇದನ್ನು ಮಾಡಲಾರರು. ಆದುದರಿಂದ ಒಂದು ವರ್ಷ ಮೊದಲೇ ಮರವನ್ನು ಕೊಯ್ಸಿ ಇಡುವುದು ವಿವೇಕ.

ಕಡಿಯುವುದಕ್ಕೆ ಮುಂಚೆ

ತಮ್ಮ ಸ್ವಂತ ಜಮೀನಿನ ಮರವಾದರೂ, ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟು ಉಳಿದವುಗಳನ್ನು ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ವೃಕ್ಷಾಧಿಕಾರಿಗಳ ಅನುಮತಿ ಬೇಕು. ಬೀಟೆ, ತೇಗಗಳ ವಿಷಯದಲ್ಲಿ ವಿಶೇಷ ಎಚ್ಚರಿಕೆಯಿರಬೇಕು. ಸಾಗಿಸುವುದಕ್ಕೂ ರಹದಾರಿ ಪತ್ರವನ್ನು ವಿಚಾರಿಸಿಕೊಳ್ಳತಕ್ಕದ್ದು. ಗ್ರಾಮದ ಮುಖಂಡರು ಈ ಸಂಗತಿಯನ್ನು ಎಲ್ಲರಿಗೂ ತಿಳಿಸಿದರೆ, ಅರಿಯದೆ ದಂಡ ತೆರುವ ರೈತರು ಕಡಿಮೆಯಾಗುವರು.

ಮರವನ್ನು ಕಡಿದವನು ಅದೇ ಬದುವಿನಲ್ಲಿ ಎರಡು ಸಸಿಗಳನ್ನು ನೆಡಬೇಕು. ಇಂದಿನ ಕಪಾಟಿಗೆ ಬಂದ ಬೇವನ್ನು ಅಜ್ಜನ ಕಾಲದಲ್ಲಿ ಯಾರೋ ಕಾಪಾಡಿದ್ದರು. ಮೊಮ್ಮಕ್ಕಳ ಮನೆಗೆ ಬೇಕಾದ ಮರವನ್ನು ಈಗಲೇ ನೆಡದಿದ್ದರೆ ಅವರು ಹೆಸರಿಗೆ ಬೆಲೆ ಕೊಟ್ಟು ಬಿಳಿ ಹಲಗೆಯನ್ನು ತರಬೇಕಾಗುವುದು.